ಡಾಕ್ಟರು ಹೇಳುವ ರೀತಿ, ನಾವು ಮಾಡುವ ನಿರ್ಧಾರ: ಪದೇ ಪದೇ ಕೇಳುವ ಪ್ರಶ್ನೆಗಳು

ಆಪರೇಷನ್ ಮಾಡಿಸಬೇಕಾ, ಮಾತ್ರೆ ಸಾಕಾ, ವೆಂಟಿಲೇಟರ್ ಹಾಕಿಸಬೇಕಾ ಅಂತ ಯೋಚಿಸುವಾಗ ನಮ್ಮ ಕೈಯಲ್ಲಿರುವುದು ಡಾಕ್ಟರು ಹೇಳಿದ ನಾಲ್ಕು ಮಾತು ಮಾತ್ರ. ಆ ನಾಲ್ಕು ಮಾತನ್ನು ಹೇಗೆ ಜೋಡಿಸಿ ಹೇಳಿದರು ಅನ್ನುವುದರ ಮೇಲೆ ನಮ್ಮ ಉತ್ತರ ಬದಲಾಗುತ್ತದೆ. ಈ ಬಗ್ಗೆ ರೋಗಿಗಳು ಮತ್ತು ಮನೆಯವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ.

ವಿಷಯ ಒಂದೇ ಆಗಿದ್ದರೂ ಬೇರೆ ಥರ ಹೇಳಿದರೆ ನಿರ್ಧಾರ ನಿಜವಾಗಿಯೂ ಬದಲಾಗುತ್ತಾ?

ಬದಲಾಗುತ್ತದೆ. ಇದನ್ನು ತುಂಬ ಸ್ಪಷ್ಟವಾಗಿ ತೋರಿಸಿದ್ದು 1982ರ ಒಂದು ಅಧ್ಯಯನ. ಅಮೆರಿಕದ ವೈದ್ಯರಾದ ಬಾರ್ಬರಾ ಮೆಕ್‌ನೀಲ್, ಸ್ಟೀಫನ್ ಪಾಕರ್, ಹೆರಾಲ್ಡ್ ಸಾಕ್ಸ್ ಮತ್ತು ಮನಶ್ಶಾಸ್ತ್ರಜ್ಞ ಅಮೋಸ್ ಟ್ವರ್ಸ್ಕಿ ಸೇರಿ ಇದನ್ನು ಮಾಡಿದರು. ಅವರು ಕೇಳಿದ ಪ್ರಶ್ನೆ ಸರಳ: ನಿಮಗೆ ಶ್ವಾಸಕೋಶದ ಕ್ಯಾನ್ಸರ್ ಇದೆ ಅಂದುಕೊಳ್ಳಿ. ಆಪರೇಷನ್ ಬೇಕಾ, ರೇಡಿಯೇಷನ್ ಬೇಕಾ?

ಒಂದು ಗುಂಪಿಗೆ ಬದುಕುವವರ ಲೆಕ್ಕ ಕೊಟ್ಟರು. ಆಪರೇಷನ್ ಆದ 100 ಜನರಲ್ಲಿ 90 ಜನ ಆಪರೇಷನ್ನಿನ ಅವಧಿ ದಾಟುತ್ತಾರೆ, 68 ಜನ ಒಂದು ವರ್ಷದ ಕೊನೆಗೆ ಬದುಕಿರುತ್ತಾರೆ, 34 ಜನ ಐದು ವರ್ಷದ ಕೊನೆಗೆ. ರೇಡಿಯೇಷನ್ನಿನಲ್ಲಿ ಚಿಕಿತ್ಸೆ ಮುಗಿಯುವ ತನಕ 100 ಜನವೂ ಇರುತ್ತಾರೆ, ವರ್ಷದ ಕೊನೆಗೆ 77, ಐದು ವರ್ಷಕ್ಕೆ 22. ಇನ್ನೊಂದು ಗುಂಪಿಗೆ ಸಾಯುವವರ ಲೆಕ್ಕ. ಆಪರೇಷನ್ನಿನಲ್ಲಿ 10 ಜನ ಆ ಅವಧಿಯಲ್ಲೇ ಸಾಯುತ್ತಾರೆ, ವರ್ಷದೊಳಗೆ 32, ಐದು ವರ್ಷದೊಳಗೆ 66. ರೇಡಿಯೇಷನ್ನಿನಲ್ಲಿ ಆಗಲೇ ಸಾಯುವವರು ಯಾರೂ ಇಲ್ಲ, ವರ್ಷದೊಳಗೆ 23, ಐದು ವರ್ಷದೊಳಗೆ 78.

ಕೂಡಿ ಕಳೆದು ನೋಡಿ, ಎರಡೂ ಒಂದೇ ಲೆಕ್ಕ. ಆದರೆ ಬದುಕುವವರ ಲೆಕ್ಕ ಕೇಳಿದವರಲ್ಲಿ ನೂರಕ್ಕೆ 18 ಜನ ರೇಡಿಯೇಷನ್ ಆರಿಸಿದರು. ಸಾಯುವವರ ಲೆಕ್ಕ ಕೇಳಿದವರಲ್ಲಿ ನೂರಕ್ಕೆ 44. ಕಾಯಿಲೆ ಅದೇ, ಚಿಕಿತ್ಸೆ ಅದೇ, ಸಂಖ್ಯೆಯೂ ಅದೇ.

ಓದಿದವರು, ತಿಳಿದವರು ಇದಕ್ಕೆ ಬೀಳಲ್ಲ ಅಲ್ವಾ?

ಬೀಳುತ್ತಾರೆ. ಆ ಅಧ್ಯಯನದಲ್ಲಿ ರೋಗಿಗಳ ಜೊತೆ 424 ವೈದ್ಯರೂ ಇದ್ದರು. ಸಂಖ್ಯಾಶಾಸ್ತ್ರ ಓದಿದ್ದ ಬಿಸಿನೆಸ್ ವಿದ್ಯಾರ್ಥಿಗಳೂ ಇದ್ದರು. ಮಾತಿನ ಪ್ರಭಾವ ಇವರ ಮೇಲೆ ರೋಗಿಗಳಿಗಿಂತ ಕಡಿಮೆಯೇನೂ ಇರಲಿಲ್ಲ. ಹಾಗಾಗಿ "ನಾನು ದಡ್ಡ, ಅದಕ್ಕೇ ಗೊಂದಲ ಆಯ್ತು" ಅಂತ ಯಾರೂ ಅಂದುಕೊಳ್ಳಬೇಕಾಗಿಲ್ಲ.

ಯಾಕೆ ಹೀಗಾಗುತ್ತದೆ?

"ನೂರಕ್ಕೆ ಹತ್ತು ಜನ ಟೇಬಲ್ ಮೇಲೇ ಹೋಗ್ತಾರೆ" ಅಂದರೆ ನಮ್ಮ ತಲೆಗೆ ಬರುವುದು ಆ ಟೇಬಲ್. "ತೊಂಬತ್ತು ಜನ ಚೆನ್ನಾಗಿ ಹೊರಗೆ ಬರ್ತಾರೆ" ಅಂದರೆ ಬರುವುದು ವಾರ್ಡಿನಿಂದ ಮನೆಗೆ ನಡೆದು ಬರುವ ಮನುಷ್ಯ. ಲೆಕ್ಕಕ್ಕಿಂತ ಮೊದಲು ಚಿತ್ರ ಮನಸ್ಸಿಗೆ ಮುಟ್ಟುತ್ತದೆ. ಜೊತೆಗೆ, ಸಿಗುವುದರ ಖುಷಿಗಿಂತ ಕಳೆದುಕೊಳ್ಳುವುದರ ಭಯ ನಮಗೆ ಜಾಸ್ತಿ. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಟ್ವರ್ಸ್ಕಿ ಇದನ್ನೇ ವರ್ಷಗಟ್ಟಲೆ ಅಧ್ಯಯನ ಮಾಡಿದರು.

"ಈ ಮಾತ್ರೆಯಿಂದ ಹಾರ್ಟ್ ಅಟ್ಯಾಕ್ 34% ಕಡಿಮೆ ಆಗುತ್ತೆ" ಅಂದರು. ಅಂದರೆ ನೂರರಲ್ಲಿ 34 ಜನ ಬಚಾವಾ?

ಅಲ್ಲ. ಅತಿ ಹೆಚ್ಚು ಜನ ತಪ್ಪು ತಿಳಿಯುವ ಜಾಗ ಇದೇ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಆ 34% ನಿಜವಾದ ಅಂಕಿ. 1987ರಲ್ಲಿ ಫಿನ್‌ಲ್ಯಾಂಡಿನ ಹೆಲ್ಸಿಂಕಿ ಹೃದಯ ಅಧ್ಯಯನದ ಫಲಿತಾಂಶ ಹೊರಬಂತು. ಕೊಲೆಸ್ಟರಾಲ್ ಜಾಸ್ತಿ ಇದ್ದ ಸುಮಾರು 4,000 ಗಂಡಸರನ್ನು ಐದು ವರ್ಷ ನೋಡಿದ್ದರು. ಅರ್ಧ ಜನರಿಗೆ ಜೆಮ್‌ಫೈಬ್ರೊಜಿಲ್ ಮಾತ್ರೆ, ಉಳಿದರ್ಧ ಜನರಿಗೆ ಔಷಧ ಇಲ್ಲದ ಖಾಲಿ ಮಾತ್ರೆ. ಖಾಲಿ ಮಾತ್ರೆ ತಿಂದವರಲ್ಲಿ ಸಾವಿರಕ್ಕೆ ಸುಮಾರು 41 ಜನರಿಗೆ ಹೃದಯದ ದೊಡ್ಡ ತೊಂದರೆ ಆಯಿತು. ಔಷಧ ತಿಂದವರಲ್ಲಿ ಸಾವಿರಕ್ಕೆ ಸುಮಾರು 27 ಜನರಿಗೆ. 41ರಿಂದ 27ಕ್ಕೆ ಇಳಿದರೆ ಅದು 34% ಇಳಿಕೆ. ಸುಳ್ಳೇನಿಲ್ಲ. ಆದರೆ ಸಾವಿರ ಜನ ಐದು ವರ್ಷ ದಿನಾ ಮಾತ್ರೆ ನುಂಗಿದರೆ ಸುಮಾರು 14 ಜನರಿಗೆ ಅದರಿಂದ ಉಪಯೋಗ. ಅಂದರೆ 71 ಜನ ತಗೊಂಡರೆ ಒಬ್ಬರಿಗೆ.

"34% ಇಳಿಕೆ", "ನೂರಕ್ಕೆ 1.4 ಇಳಿಕೆ", "71 ಜನರಲ್ಲಿ ಒಬ್ಬರಿಗೆ ಲಾಭ". ಮೂರೂ ಸತ್ಯ. ಮೊದಲನೆಯದನ್ನು ಕೇಳಿದವರು ಮಾತ್ರೆ ಚೀಟಿ ಹಿಡಿದು ನೇರ ಮೆಡಿಕಲ್ ಶಾಪಿಗೆ ಹೋಗುತ್ತಾರೆ. ಮೂರನೆಯದನ್ನು ಕೇಳಿದವರು ಸ್ವಲ್ಪ ಯೋಚಿಸುತ್ತಾರೆ. ಯೋಚಿಸಿ ತಗೊಂಡರೂ ಸರಿ, ಬಿಟ್ಟರೂ ಸರಿ, ಅದು ಅವರ ಸ್ವಂತ ನಿರ್ಧಾರ ಆಗಿರುತ್ತದೆ. ಈಗಾಗಲೇ ಒಮ್ಮೆ ಹಾರ್ಟ್ ಅಟ್ಯಾಕ್ ಆದವರಿಗೆ ಲೆಕ್ಕವೇ ಬೇರೆ. ಅವರ ಅಪಾಯ ಮೊದಲೇ ಜಾಸ್ತಿ ಇರುವುದರಿಂದ ಲಾಭವೂ ಜಾಸ್ತಿ. ಇದನ್ನು ಓದಿ ಯಾರೂ ತಾವಾಗಿಯೇ ಮಾತ್ರೆ ನಿಲ್ಲಿಸಬೇಡಿ.

"ಅಪಾಯ ಎರಡು ಪಟ್ಟು" ಅಂತ ಸುದ್ದಿ ಬಂದರೆ?

ಪಕ್ಕದ ಮನೆಯವರ ಸಂಬಳ ಡಬಲ್ ಆಯ್ತಂತೆ ಅಂದರೆ ನಾವು ತಕ್ಷಣ "ಮೊದಲು ಎಷ್ಟಿತ್ತು?" ಅಂತ ಕೇಳುತ್ತೇವೆ. ಇಲ್ಲೂ ಅದನ್ನೇ ಕೇಳಬೇಕು.

ಕೇಳದೇ ಇದ್ದರೆ ಏನಾಗುತ್ತದೆ ಅನ್ನುವುದಕ್ಕೆ ಬ್ರಿಟನ್ ಸಾಕ್ಷಿ. 1995ರ ಅಕ್ಟೋಬರಿನಲ್ಲಿ ಅಲ್ಲಿನ ಔಷಧ ಸುರಕ್ಷತಾ ಸಮಿತಿ ಒಂದು ಎಚ್ಚರಿಕೆ ಕೊಟ್ಟಿತು. ಕೆಲವು ಹೊಸ ಬಗೆಯ ಗರ್ಭನಿರೋಧಕ ಮಾತ್ರೆಗಳಿಂದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಎರಡು ಪಟ್ಟು ಆಗುತ್ತದೆ ಅಂತ. ಅದು 7,000 ಹೆಂಗಸರಲ್ಲಿ ಒಬ್ಬರಿಗೆ ಇದ್ದದ್ದು ಇಬ್ಬರಿಗೆ ಆಗುವಂಥ ಏರಿಕೆ. ಸುದ್ದಿಯಲ್ಲಿ ಉಳಿದದ್ದು "ಎರಡು ಪಟ್ಟು" ಮಾತ್ರ. ಹೆದರಿ ಎಷ್ಟೋ ಜನ ಮಾತ್ರೆ ಬಿಟ್ಟರು. ಮುಂದಿನ ವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅಂದಾಜು 13,000 ಗರ್ಭಪಾತಗಳು ಹೆಚ್ಚಾದವು. ಗರ್ಭಿಣಿಯಾದಾಗ ಮತ್ತು ಗರ್ಭಪಾತವಾದಾಗ ರಕ್ತ ಹೆಪ್ಪುಗಟ್ಟುವ ಅಪಾಯ ಆ ಮಾತ್ರೆಗಿಂತ ಜಾಸ್ತಿ. ಇದನ್ನು ಓದಿದಾಗಲೆಲ್ಲ ಸಂಕಟವಾಗುತ್ತದೆ. ಮೂಲ ಸಂಖ್ಯೆಯನ್ನೂ ಜೊತೆಗೆ ಹೇಳಿದ್ದರೆ ಅವರಲ್ಲಿ ಎಷ್ಟೋ ಜನ ಆ ಕಷ್ಟ ಪಡಬೇಕಾಗಿರಲಿಲ್ಲ.

ಶೇಕಡಾ ಕೇಳಬೇಕಾ, "ಇಷ್ಟು ಜನರಲ್ಲಿ ಇಷ್ಟು" ಅಂತ ಕೇಳಬೇಕಾ?

"ನೂರು ಜನರಲ್ಲಿ ಎಷ್ಟು" ಅಂತ ಕೇಳಿ. ಹೋಲಿಸುವಾಗ ಎರಡೂ ಕಡೆ ನೂರೇ ಇರಲಿ. ಜಪಾನಿನ ಕಿಮಿಹಿಕೊ ಯಮಾಗಿಶಿ 1997ರಲ್ಲಿ ತೋರಿಸಿದ ಹಾಗೆ, "10,000ಕ್ಕೆ 1,286 ಜನ ಸಾಯುವ ಕಾಯಿಲೆ" ಜನರಿಗೆ "100ಕ್ಕೆ 24.14 ಜನ ಸಾಯುವ ಕಾಯಿಲೆ"ಗಿಂತ ಭಯಂಕರ ಅನ್ನಿಸಿತು. ನಿಜವಾಗಿ ಮೊದಲನೆಯದರ ಅಪಾಯ ಎರಡನೆಯದರ ಅರ್ಧದಷ್ಟು. 1,286 ಅನ್ನುವ ದೊಡ್ಡ ಸಂಖ್ಯೆ ಕಣ್ಣು ಕಟ್ಟಿಬಿಡುತ್ತದೆ.

ಕಾಯಿಲೆಗೆ ಇಡುವ ಹೆಸರಿನಿಂದಲೂ ವ್ಯತ್ಯಾಸ ಆಗುತ್ತಾ?

ತುಂಬ. "ಕ್ಯಾನ್ಸರ್" ಅನ್ನುವ ಮಾತು ಕಿವಿಗೆ ಬಿದ್ದ ಮೇಲೆ ಉಳಿದ ಮಾತು ಯಾರಿಗೂ ಕೇಳಿಸುವುದಿಲ್ಲ. ಸ್ತನದ ಹಾಲಿನ ನಾಳದೊಳಗೇ ಉಳಿದಿರುವ, ಹೊರಗೆ ಹರಡದ ಒಂದು ಸ್ಥಿತಿ ಇದೆ. ಡಿಸಿಐಎಸ್ ಅಂತ ಕರೆಯುತ್ತಾರೆ. 2013ರ ಒಂದು ಅಮೆರಿಕನ್ ಅಧ್ಯಯನದಲ್ಲಿ ಸ್ತನ ಕ್ಯಾನ್ಸರ್ ಬಂದಿರದ 394 ಹೆಂಗಸರಿಗೆ ಇದನ್ನು ಮೂರು ಹೆಸರಿನಲ್ಲಿ ವಿವರಿಸಿದರು. "ಹರಡದ ಕ್ಯಾನ್ಸರ್" ಅಂದಾಗ ನೂರಕ್ಕೆ 47 ಜನ ಆಪರೇಷನ್ ಬೇಕು ಅಂದರು. "ಸ್ತನದ ಗಾಯ" ಅನ್ನುವ ಅರ್ಥದ ಮಾತು ಬಳಸಿದಾಗ 34. "ಸಹಜವಲ್ಲದ ಜೀವಕೋಶಗಳು" ಅಂದಾಗ 31.

ಇದು ಗೊತ್ತಿದ್ದೇ ವೈದ್ಯರು ಕೆಲವು ಹೆಸರು ಬದಲಿಸಿದ್ದಾರೆ. ಥೈರಾಯ್ಡಿನ ಒಂದು ಬಗೆಯ ಗಡ್ಡೆ ಹರಡುವುದಿಲ್ಲ ಅಂತ ಖಚಿತವಾದ ಮೇಲೆ, 2016ರಲ್ಲಿ ತಜ್ಞರ ತಂಡವೊಂದು ಅದರ ಹೆಸರಿನಿಂದ ಕ್ಯಾನ್ಸರ್ ಅನ್ನುವ ಪದವನ್ನೇ ತೆಗೆಯಿತು.

"ಎದೆಯಲ್ಲಿ ಟೈಮ್ ಬಾಂಬ್ ಇದ್ದ ಹಾಗೆ, ನಾಳೆಯೇ ಸ್ಟೆಂಟ್ ಹಾಕಿಸಿ" ಅಂತಾರೆ. ಏನು ಮಾಡಬೇಕು?

ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ಹಾರ್ಟ್ ಅಟ್ಯಾಕ್ ಆಗುತ್ತಿದೆ, ಎದೆನೋವು ಈಗ ಶುರುವಾಗಿದೆ, ಬೆವರುತ್ತಿದ್ದಾರೆ ಅಂದರೆ ಚರ್ಚೆ ಬೇಡ. ಅಲ್ಲಿ ಒಂದೊಂದು ನಿಮಿಷಕ್ಕೂ ಬೆಲೆ ಇದೆ, ಸ್ಟೆಂಟ್ ಜೀವ ಉಳಿಸುತ್ತದೆ.

ಆದರೆ ಎಷ್ಟೋ ಸಲ ಹೀಗಾಗುತ್ತದೆ. ಮೆಟ್ಟಿಲು ಹತ್ತುವಾಗ ಮಾತ್ರ ಸ್ವಲ್ಪ ಎದೆ ಬಿಗಿಯುತ್ತದೆ ಅಂತ ಒಬ್ಬರು ಟ್ರೆಡ್‌ಮಿಲ್ ಪರೀಕ್ಷೆಗೆ ಹೋಗುತ್ತಾರೆ. ಅಲ್ಲಿಂದ ಆಂಜಿಯೋಗ್ರಾಂ. ರೋಗಿ ಇನ್ನೂ ಒಳಗೆ ಮಂಚದ ಮೇಲೆ ಮಲಗಿರುವಾಗಲೇ ಮಗನನ್ನು ಕರೆದು ಸ್ಕ್ರೀನ್ ತೋರಿಸುತ್ತಾರೆ. "ನೋಡಿ, ಇಲ್ಲಿ 80% ಬ್ಲಾಕ್. ಈಗಲೇ ಹಾಕಿಬಿಡೋಣ್ವಾ, ಇಲ್ಲ ರಿಸ್ಕ್ ತಗೋತೀರಾ?" ಈ ಪ್ರಶ್ನೆಯಲ್ಲಿ ಒಂದು ಕಡೆ ಚಿಕಿತ್ಸೆ ಇದೆ, ಇನ್ನೊಂದು ಕಡೆ "ರಿಸ್ಕ್" ಇದೆ. ಮಾತ್ರೆಯೂ ಚಿಕಿತ್ಸೆಯೇ ಅನ್ನುವ ಸಂಗತಿ ಮಾಯವಾಗಿದೆ. ಅಪ್ಪನ ಜೀವದ ಜೊತೆ ರಿಸ್ಕ್ ತಗೋತೀನಿ ಅಂತ ಯಾವ ಮಗ ಹೇಳುತ್ತಾನೆ?

ಇಸ್ಕೀಮಿಯಾ ಹೆಸರಿನ ದೊಡ್ಡ ಅಧ್ಯಯನ ಹೀಗೆ ಎಮರ್ಜೆನ್ಸಿ ಅಲ್ಲದ, ಸ್ಥಿರವಾಗಿರುವ ಹೃದಯ ಕಾಯಿಲೆಯ 5,179 ರೋಗಿಗಳನ್ನು ನೋಡಿತು. ಭಾರತವೂ ಸೇರಿ 37 ದೇಶಗಳಲ್ಲಿ ನಡೆದ ಅದರ ಫಲಿತಾಂಶ 2020ರಲ್ಲಿ ಅಚ್ಚಾಯಿತು. ಮೊದಲೇ ಆಂಜಿಯೋಗ್ರಾಂ ಮಾಡಿ ಸ್ಟೆಂಟ್ ಅಥವಾ ಬೈಪಾಸ್ ಮಾಡಿಸಿದ ಗುಂಪಿನಲ್ಲಿ 145 ಜನ ತೀರಿಕೊಂಡರು. ಮೊದಲು ಒಳ್ಳೆಯ ಮಾತ್ರೆಗಳಿಂದಲೇ ನೋಡಿಕೊಂಡ ಗುಂಪಿನಲ್ಲಿ 144. ಎದೆನೋವು ಪದೇ ಪದೇ ಬರುತ್ತಿದ್ದವರಿಗೆ ಸ್ಟೆಂಟ್ ಅಥವಾ ಬೈಪಾಸಿನಿಂದ ಆರಾಮ ಸಿಕ್ಕಿತು, ಅದೂ ನಿಜ. ಎಡ ಮುಖ್ಯ ರಕ್ತನಾಳದ ಬ್ಲಾಕ್ ಇದ್ದವರು, ಹೃದಯದ ಬಲ ತೀರಾ ಕಡಿಮೆ ಇದ್ದವರು ಈ ಅಧ್ಯಯನದಲ್ಲಿ ಇರಲಿಲ್ಲ. ಅವರಿಗೆ ಈ ಮಾತು ಅನ್ವಯಿಸುವುದಿಲ್ಲ.

ಹಾಗಾಗಿ ಕೇಳಬೇಕಾದ ಪ್ರಶ್ನೆ ಇದು: "ಇದು ಎಮರ್ಜೆನ್ಸಿಯಾ? ಮಾತ್ರೆಯಲ್ಲೇ ನೋಡಿದರೆ ನೂರರಲ್ಲಿ ಎಷ್ಟು ಜನರಿಗೆ ಏನಾಗುತ್ತೆ, ಸ್ಟೆಂಟ್ ಹಾಕಿದರೆ ಎಷ್ಟು ಜನರಿಗೆ?"

ಹೆರಿಗೆ ಸಮಯದಲ್ಲಿ "ಬಳ್ಳಿ ಸುತ್ತಿಕೊಂಡಿದೆ" ಅಂದುಬಿಟ್ಟರೆ ಮತ್ತೇನು ಯೋಚಿಸೋದು?

ಆ ಮಾತು ಕೇಳಿದರೆ ಮನೆಮಂದಿಯೆಲ್ಲ ಹೆದರುವುದು ಸಹಜ. ಆದರೆ ಮಗುವಿನ ಕುತ್ತಿಗೆಗೆ ಹೊಕ್ಕುಳಬಳ್ಳಿ ಸುತ್ತಿಕೊಂಡಿರುವುದು ನೂರರಲ್ಲಿ 20–30 ಹೆರಿಗೆಗಳಲ್ಲಿ ಕಾಣುತ್ತದೆ. ಬಹುಪಾಲು ಮಕ್ಕಳು ಸಹಜವಾಗಿಯೇ, ಆರೋಗ್ಯವಾಗಿ ಹುಟ್ಟುತ್ತಾರೆ. ನಿಜವಾಗಿ ನೋಡಬೇಕಾದ್ದು ಮಗುವಿನ ಎದೆಬಡಿತ ಸರಿಯಾಗಿದೆಯಾ ಅನ್ನುವುದು. ಆದ್ದರಿಂದ "ಹಾರ್ಟ್‌ಬೀಟ್ ಹೇಗಿದೆ ಮೇಡಂ?" ಅಂತ ಕೇಳಿ. ಅದು ಇಳಿಯುತ್ತಿದೆ ಅಂದರೆ ಸಿಸೇರಿಯನ್‌ಗೆ ತಡ ಮಾಡಬೇಡಿ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಖಾಸಗಿ ಆಸ್ಪತ್ರೆಗಳಲ್ಲಿ ನೂರಕ್ಕೆ 47 ಹೆರಿಗೆ ಸಿಸೇರಿಯನ್, ಸರ್ಕಾರಿ ಆಸ್ಪತ್ರೆಗಳಲ್ಲಿ 14. ಈ ಅಂತರಕ್ಕೆ ಕಾರಣಗಳು ಹಲವು. ಹೆದರಿಸುವ ಮಾತೂ ಅದರಲ್ಲಿ ಒಂದು ಅನ್ನುವುದು ನನ್ನ ಅಭಿಪ್ರಾಯ.

ಮಾತಿನಿಂದ ನೋವೂ ಜಾಸ್ತಿ ಆಗುತ್ತಾ?

ಆಗುತ್ತದೆ. ಬೋಸ್ಟನ್ನಿನಲ್ಲಿ ಹೆರಿಗೆಗೆ ಬಂದ 140 ಹೆಂಗಸರ ಮೇಲೆ ಇದನ್ನು ನೋಡಿದರು, 2010ರಲ್ಲಿ ಅಚ್ಚಾಯಿತು. ಬೆನ್ನಿಗೆ ಇಂಜೆಕ್ಷನ್ ಕೊಡುವ ಮುಂಚೆ ಕೆಲವರಿಗೆ "ಈ ಜಾಗ ಮರಗಟ್ಟುತ್ತೆ, ನಿಮಗೆ ಆರಾಮಾಗಿರುತ್ತೆ" ಅಂದರು. ಉಳಿದವರಿಗೆ "ಜೇನುಹುಳ ಜೋರಾಗಿ ಕಚ್ಚಿದ ಹಾಗೆ ಆಗುತ್ತೆ, ಇದೇ ತುಂಬ ಕಷ್ಟದ ಭಾಗ" ಅಂದರು. ಹತ್ತಕ್ಕೆ ಎಷ್ಟು ನೋವು ಅಂತ ಕೇಳಿದಾಗ ಮೊದಲಿನವರ ಮಧ್ಯಮ ಅಂಕ 3, ಎರಡನೆಯವರದು 5. ಇಂಜೆಕ್ಷನ್ ಒಂದೇ.

ಐಸಿಯುನಲ್ಲಿ "ಎಲ್ಲಾ ಪ್ರಯತ್ನ ಮಾಡೋಣ್ವಾ?" ಅಂತ ಕೇಳಿದರೆ ಏನು ಹೇಳಬೇಕು?

ನನ್ನ ಪ್ರಕಾರ ಆಸ್ಪತ್ರೆಯಲ್ಲಿ ಕೇಳುವ ಪ್ರಶ್ನೆಗಳಲ್ಲೇ ಅತ್ಯಂತ ಭಾರವಾದದ್ದು ಇದು. ಹಾಗೆ ಕೇಳಿದರೆ ಉತ್ತರ ಒಂದೇ: "ಎಲ್ಲಾ ಮಾಡಿ ಡಾಕ್ಟ್ರೇ." ಬೇಡ ಅಂದರೆ ಅಮ್ಮನನ್ನು ಕೈಬಿಟ್ಟ ಹಾಗೆ ಅನ್ನಿಸುತ್ತದೆ. ಊರಿಂದ ಬಂದ ನೆಂಟರು ಏನಂದಾರು ಅನ್ನುವ ಚಿಂತೆ ಬೇರೆ. ಆ "ಎಲ್ಲಾ" ಅಂದರೆ ಎದೆಮೂಳೆ ಮುರಿಯುವಷ್ಟು ಒತ್ತುವುದು, ಗಂಟಲಿಗೆ ಪೈಪು, ಕೈ ಕಟ್ಟಿಹಾಕುವುದು ಅಂತ ಯಾರೂ ಬಿಡಿಸಿ ಹೇಳಿರುವುದಿಲ್ಲ.

ಅಂಬರ್ ಬರ್ನಾಟೊ ಮತ್ತು ರಾಬರ್ಟ್ ಆರ್ನಾಲ್ಡ್ ಅನ್ನುವ ಅಮೆರಿಕನ್ ವೈದ್ಯರು 2013ರಲ್ಲಿ ಒಂದು ಕಾಲ್ಪನಿಕ ಸನ್ನಿವೇಶದಲ್ಲಿ ಇದನ್ನು ಪರೀಕ್ಷಿಸಿದರು. ನಿಮ್ಮ ಹತ್ತಿರದವರು ಐಸಿಯುನಲ್ಲಿದ್ದಾರೆ, ಹೃದಯ ನಿಂತರೆ ಎದೆ ಒತ್ತಿ ಬದುಕಿಸುವ ಪ್ರಯತ್ನ ಬೇಕಾ ಅಂತ ಪ್ರಶ್ನೆ. ಬೇಡ ಅನ್ನುವ ಆಯ್ಕೆಗೆ "ಬದುಕಿಸುವ ಪ್ರಯತ್ನ ಮಾಡಬೇಡಿ" ಅಂತ ಹೆಸರಿಟ್ಟಾಗ ನೂರಕ್ಕೆ 61 ಜನ ಪ್ರಯತ್ನ ಮಾಡಿ ಅಂದರು. ಅದೇ ಆಯ್ಕೆಗೆ "ಸಹಜವಾಗಿ ಹೋಗಲು ಬಿಡಿ" ಅಂತ ಹೆಸರಿಟ್ಟಾಗ 49 ಜನ.

ಇನ್ನೊಂದು ಅಧ್ಯಯನದಲ್ಲಿ ನಿಜವಾದ, ಗಂಭೀರ ಕಾಯಿಲೆಯ ರೋಗಿಗಳೇ ಇದ್ದರು. ಮುಂದಿನ ಚಿಕಿತ್ಸೆ ಹೇಗಿರಬೇಕು ಅಂತ ಬರೆದಿಡುವ ಅರ್ಜಿಯಲ್ಲಿ ಒಂದು ಆಯ್ಕೆಗೆ ಮೊದಲೇ ಗುರುತು ಹಾಕಿಟ್ಟಿದ್ದರು. "ನೋವು ಕಡಿಮೆ ಮಾಡಿ ಸಾಕು" ಅನ್ನುವುದಕ್ಕೆ ಗುರುತಿದ್ದಾಗ ನೂರಕ್ಕೆ 77 ಜನ ಅದನ್ನೇ ಉಳಿಸಿಕೊಂಡರು. "ಆಯಸ್ಸು ಹೆಚ್ಚಿಸಿ" ಅನ್ನುವುದಕ್ಕೆ ಗುರುತಿದ್ದಾಗ ಅದನ್ನು ಬದಲಿಸಿ ನೋವು ಶಮನವನ್ನು ಆರಿಸಿದವರು 43 ಜನ ಮಾತ್ರ. ಜೀವನದ ಕೊನೆಯ ನಿರ್ಧಾರವನ್ನೂ ಒಂದು ಟಿಕ್ ಮಾರ್ಕ್ ಎಳೆದುಕೊಂಡು ಹೋಗುತ್ತದೆ ಅಂದರೆ ನಾವು ಎಷ್ಟು ಎಚ್ಚರವಾಗಿರಬೇಕು!

ಹಾಗಾಗಿ "ಎಲ್ಲಾ ಮಾಡೋಣ್ವಾ?" ಅಂದಾಗ "ಎಲ್ಲಾ ಅಂದರೆ ಏನೇನು?" ಅಂತ ಕೇಳಿ. "ಅದನ್ನೆಲ್ಲ ಮಾಡಿದರೆ ಇಂಥವರು ನೂರರಲ್ಲಿ ಎಷ್ಟು ಜನ ಎದ್ದು ಮನೆಗೆ ಹೋಗ್ತಾರೆ?" ಅಂತ ಕೇಳಿ. ವೆಂಟಿಲೇಟರ್ ಬೇಡ ಅಂದರೆ ಚಿಕಿತ್ಸೆಯೇ ಬೇಡ ಅಂತ ಅರ್ಥ ಅಲ್ಲ. ಉಸಿರಾಟದ ಕಷ್ಟಕ್ಕೆ, ನೋವಿಗೆ, ಆತಂಕಕ್ಕೆ ಔಷಧ ಕೊಡುವುದು ಕೊನೆಯ ತನಕ ನಡೆಯುತ್ತದೆ, ನಡೆಯಬೇಕು.

ಆರೋಗ್ಯವಾಗಿರುವಾಗಲೇ ಇದನ್ನು ಬರೆದಿಡುವ ಹಕ್ಕೂ ನಮಗಿದೆ. ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಅದನ್ನು ಒಪ್ಪಿತು, 2023ರ ಜನವರಿಯಲ್ಲಿ ವಿಧಾನವನ್ನು ಸುಲಭ ಮಾಡಿತು. ಈಗ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಕರ್ನಾಟಕ ಸರ್ಕಾರ ಇದನ್ನು ಜಾರಿಗೆ ತರಲು 2025ರ ಜನವರಿ 30ರಂದು ಆದೇಶ ಹೊರಡಿಸಿದೆ.

ಅಂಗಾಂಗ ದಾನಕ್ಕೂ ಇದಕ್ಕೂ ಸಂಬಂಧ ಇದೆಯಾ?

ಇದೆ. ಮೊದಲೇ ಹಾಕಿಟ್ಟ ಗುರುತಿನ ಪ್ರಭಾವ ಇಲ್ಲೂ ಕಾಣುತ್ತದೆ. ಸಂಶೋಧಕರಾದ ಎರಿಕ್ ಜಾನ್ಸನ್ ಮತ್ತು ಡೇನಿಯಲ್ ಗೋಲ್ಡ್‌ಸ್ಟೀನ್ 2003ರಲ್ಲಿ ಯುರೋಪಿನ ಅಂಕಿಗಳನ್ನು ಮುಂದಿಟ್ಟರು. ಬೇಕಾದವರು ಹೆಸರು ಬರೆಸಬೇಕಿದ್ದ ಜರ್ಮನಿಯಲ್ಲಿ ದಾನಕ್ಕೆ ಒಪ್ಪಿದವರು ನೂರಕ್ಕೆ 12. ಬೇಡದವರು ಹೆಸರು ತೆಗೆಸಬೇಕಿದ್ದ ಪಕ್ಕದ ಆಸ್ಟ್ರಿಯಾದಲ್ಲಿ 99ಕ್ಕೂ ಹೆಚ್ಚು. ಹೀಗೆ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಅಷ್ಟೂ ದಾನ ನಡೆಯುವುದಿಲ್ಲ, ಆದರೂ ಅಂತರ ದೊಡ್ಡದು. ನಮ್ಮಲ್ಲಿ ಹೆಸರು ಬರೆಸುವ ಪದ್ಧತಿ, ಮತ್ತು ಮನೆಯವರ ಒಪ್ಪಿಗೆ ಬೇಕೇ ಬೇಕು. ಕರ್ನಾಟಕದಲ್ಲಿ ಇದನ್ನು ನೋಡಿಕೊಳ್ಳುವುದು ಜೀವಸಾರ್ಥಕತೆ ಅನ್ನುವ ಸಂಸ್ಥೆ. ನೀವು ಹೆಸರು ಬರೆಸಿದ್ದರೆ ಆ ಮಾತನ್ನು ಮನೆಯಲ್ಲೂ ಬಾಯಿಬಿಟ್ಟು ಹೇಳಿಡಿ.

ಹಾಗಾದರೆ ಡಾಕ್ಟರು ಬೇಕಂತಲೇ ಹೀಗೆ ಮಾತಾಡ್ತಾರಾ?

ಬಹಳಷ್ಟು ಸಲ ಇಲ್ಲ. ಯಾವುದನ್ನಾದರೂ ಹೇಳಬೇಕಾದರೆ ಯಾವುದೋ ಒಂದು ರೀತಿಯಲ್ಲಿ ಹೇಳಲೇಬೇಕು. ಹೊರರೋಗಿ ವಿಭಾಗದಲ್ಲಿ ಒಬ್ಬೊಬ್ಬರಿಗೆ ಸಿಗುವುದು ಕೆಲವೇ ನಿಮಿಷ. ಆ ಹೊತ್ತಿಗೆ ಬಾಯಿಗೆ ಬಂದ ಮಾತು ಬರುತ್ತದೆ. ಬಿಲ್ಲಿನ ಮೇಲೆ ಕಣ್ಣಿಟ್ಟು ಹೆದರಿಸುವವರೂ ಇದ್ದಾರೆ, ಅದನ್ನು ಮುಚ್ಚಿಡುವುದರಲ್ಲಿ ಅರ್ಥ ಇಲ್ಲ.

ಒಳ್ಳೆಯದಕ್ಕೇ ಮಾತನ್ನು ತಿರುಗಿಸುವುದೂ ಉಂಟು. ಅಮೆರಿಕದ ಸಿಯಾಟಲ್ ಕಡೆಯ ಮಕ್ಕಳ ವೈದ್ಯರ 111 ಮಾತುಕತೆಗಳನ್ನು ವಿಡಿಯೋ ಮಾಡಿ ನೋಡಿದ ಅಧ್ಯಯನ 2013ರಲ್ಲಿ ಬಂತು. "ಇವತ್ತು ಲಸಿಕೆ ಹಾಕಬೇಕು" ಅಂತ ಶುರು ಮಾಡಿದಾಗ ನೂರಕ್ಕೆ 26 ತಂದೆತಾಯಿ ತಕರಾರು ಮಾಡಿದರು. "ಲಸಿಕೆ ಬಗ್ಗೆ ಏನು ಮಾಡೋಣ ಅಂತೀರಿ?" ಅಂತ ಶುರು ಮಾಡಿದಾಗ 83. ಲಸಿಕೆಯ ಲಾಭ ಇಷ್ಟು ಗಟ್ಟಿಯಾಗಿ ಸಾಬೀತಾಗಿರುವಾಗ ಮೊದಲ ರೀತಿ ತಪ್ಪು ಅಂತ ನನಗೆ ಅನ್ನಿಸುವುದಿಲ್ಲ. ಗರ್ಭಕೋಶ ತೆಗೆಯುವಂಥ, ಬೇರೆ ದಾರಿಗಳೂ ಇರುವ ಆಪರೇಷನ್ನಿಗೆ ಅದೇ ಧಾಟಿ ಬಳಸಿದರೆ ಅದು ಅನ್ಯಾಯ. "ಮಕ್ಕಳಾಗಿದೆಯಲ್ಲ, ಇನ್ನು ಅದು ಯಾಕೆ, ತೆಗೆಸಿಬಿಡಿ" ಅನ್ನುವ ಮಾತನ್ನು ನಮ್ಮ ಹಳ್ಳಿಗಳ ಎಷ್ಟೋ ಹೆಣ್ಣುಮಕ್ಕಳು ಕೇಳಿದ್ದಾರೆ. ಆ ಮಾತಿನಲ್ಲಿ ಮಾತ್ರೆಯ ದಾರಿಯೂ ಇಲ್ಲ, ಕಾದು ನೋಡುವ ದಾರಿಯೂ ಇಲ್ಲ.

ಸರಿ, ಡಾಕ್ಟರ ಮುಂದೆ ಕೂತಾಗ ಏನು ಕೇಳಲಿ?

ಮುಖ್ಯವಾಗಿ, ಹೇಳಿದ್ದನ್ನೇ ತಿರುಗಿಸಿ ಕೇಳಿ. "ನೂರಕ್ಕೆ 95 ಸಕ್ಸೆಸ್" ಅಂದರೆ "ಉಳಿದ ಐದು ಜನರಿಗೆ ಏನಾಗುತ್ತೆ?" ಅಂತ ಕೇಳಿ. "ತುಂಬ ರಿಸ್ಕ್" ಅಂದರೆ "ನೂರರಲ್ಲಿ ಎಷ್ಟು ಜನ ಚೆನ್ನಾಗಿರ್ತಾರೆ?" ಅಂತ ಕೇಳಿ. ಎರಡೂ ಕಡೆಯಿಂದ ಕೇಳಿದ ಮೇಲೂ ನಿಮ್ಮ ಉತ್ತರ ಅದೇ ಇದ್ದರೆ ಆ ನಿರ್ಧಾರ ಗಟ್ಟಿ ಇದೆ. ಏನೂ ಮಾಡದೆ ಮೂರು ತಿಂಗಳು ಕಾದರೆ ಏನಾಗುತ್ತೆ ಅನ್ನುವುದನ್ನೂ ಕೇಳಿ. ಹೇಳಿದ್ದನ್ನು ಚೀಟಿಯಲ್ಲಿ ಬರೆದುಕೊಡಲು ಕೇಳಿ, ಮನೆಗೆ ಹೋಗುವಷ್ಟರಲ್ಲಿ ಅರ್ಧ ಮರೆತಿರುತ್ತದೆ.

"ನಿಮ್ಮ ಅಮ್ಮ ಆಗಿದ್ರೆ ಏನು ಮಾಡ್ತಿದ್ರಿ ಡಾಕ್ಟ್ರೇ?" ಅಂತ ನಾವೆಲ್ಲ ಕೇಳುತ್ತೇವೆ. ಕೇಳಿ, ತಪ್ಪಿಲ್ಲ. ಆದರೆ ಜೊತೆಗೆ "ಯಾಕೆ?" ಅಂತಲೂ ಕೇಳಿ. ಅವರ ಅಮ್ಮನಿಗೆ ಮುಖ್ಯವಾದದ್ದು ನಿಮ್ಮ ಅಮ್ಮನಿಗೆ ಮುಖ್ಯ ಆಗಿರಬೇಕು ಅಂತೇನಿಲ್ಲ.

ಹೀಗೆಲ್ಲ ಕೇಳಿದರೆ ಡಾಕ್ಟರು ಬೇಜಾರು ಮಾಡಿಕೊಳ್ಳಲ್ವಾ?

ಕೆಲವರು ಮಾಡಿಕೊಳ್ಳಬಹುದು. "ನನಗೆ ಅರ್ಥ ಆಗಲಿ ಅಂತ ಕೇಳ್ತಿದೀನಿ" ಅಂತ ಮೆದುವಾಗಿ ಹೇಳಿದರೆ ಬಹಳಷ್ಟು ಜನ ಕೂತು ವಿವರಿಸುತ್ತಾರೆ. ಬೇರೆ ಡಾಕ್ಟರ ಅಭಿಪ್ರಾಯ ಕೇಳುವುದೂ ನಿಮ್ಮ ಹಕ್ಕು. ಅದಕ್ಕೆ ಬೇಕಾದ ದಾಖಲೆಗಳನ್ನು ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯರ ವೃತ್ತಿ ನಿಯಮಗಳಲ್ಲೇ ಇದೆ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡರೆ ಎಲ್ಲ ಹೇಳಿದಂತೆ ಆಯ್ತಾ?

ಇಲ್ಲ. ಆಪರೇಷನ್ನಿನ ಹಿಂದಿನ ರಾತ್ರಿ ನರ್ಸ್ ಒಬ್ಬರು ಇಂಗ್ಲಿಷಿನ ನಾಲ್ಕು ಹಾಳೆ ತಂದು "ಇಲ್ಲಿ, ಇಲ್ಲಿ, ಇಲ್ಲಿ" ಅಂತ ಬೆರಳು ತೋರಿಸುವುದು ಒಪ್ಪಿಗೆ ಅಲ್ಲ. 2008ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ಮುಖ್ಯ ತೀರ್ಪು ಕೊಟ್ಟಿತು. ಪರೀಕ್ಷೆಗೆಂದು ಅರಿವಳಿಕೆ ಕೊಟ್ಟ ಮಹಿಳೆಯೊಬ್ಬರ ಗರ್ಭಕೋಶ ಮತ್ತು ಅಂಡಾಶಯಗಳನ್ನು, ಹೊರಗೆ ಕೂತಿದ್ದ ತಾಯಿಯ ಒಪ್ಪಿಗೆ ಪಡೆದು ತೆಗೆದಿದ್ದ ಪ್ರಕರಣ ಅದು. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಆಪರೇಷನ್ನಿಗೆ ಒಪ್ಪಿಗೆ ಆಗುವುದಿಲ್ಲ ಅಂತ ಕೋರ್ಟ್ ಹೇಳಿತು. ಚಿಕಿತ್ಸೆ ಏನು, ಅದರ ಅಪಾಯ ಏನು, ಬೇರೆ ದಾರಿ ಯಾವುದಿದೆ, ಬೇಡ ಅಂದರೆ ಏನಾಗುತ್ತದೆ ಇವನ್ನು ರೋಗಿಗೆ ತಿಳಿಸಬೇಕು ಅಂತಲೂ ಹೇಳಿತು. ನಿಮಗೆ ಗೊತ್ತಿರುವ ಭಾಷೆಯಲ್ಲಿ ವಿವರಿಸಿ ಅಂತ ಕೇಳುವುದಕ್ಕೆ ಸಂಕೋಚ ಬೇಡ.

ಸಹಿ ಹಾಕಿದ ಮೇಲೆ ಮನಸ್ಸು ಬದಲಾದರೆ?

ಚಿಕಿತ್ಸೆ ಶುರುವಾಗುವ ತನಕ ಯಾವಾಗ ಬೇಕಾದರೂ ಒಪ್ಪಿಗೆ ವಾಪಸ್ ಪಡೆಯಬಹುದು. ವಾರ್ಡಿನ ಡ್ಯೂಟಿ ಡಾಕ್ಟರಿಗೆ ಬಾಯಲ್ಲಿ ಹೇಳಿ, ಒಂದು ಹಾಳೆಯಲ್ಲಿ ದಿನಾಂಕ ಹಾಕಿ ಬರೆದೂ ಕೊಡಿ. ಅದರ ಒಂದು ಫೋಟೋ ನಿಮ್ಮ ಮೊಬೈಲಿನಲ್ಲಿ ಇರಲಿ.